‘ಒಲ್ಲೆ’ ಅನ್ನುವ ಹುಡುಗನ ಲೆಕ್ಕ

ಯಾದಗಿರಿ ಜಿಲ್ಲೆ ಶಹಾಪುರ ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆಯಲ್ಲಿ ನಾನು ಗಣಿತ ಹೇಳುತ್ತಿದ್ದ ದಿನಗಳ ಮಾತು. ಸಂಜೆ ಶಾಲೆ ಬಿಟ್ಟಮೇಲೆ ಒಂಬತ್ತನೇ ತರಗತಿಯವರ ನೋಟ್‌ಬುಕ್ ತಿದ್ದುತ್ತ ಕೂತಿದ್ದೆ. ಒಬ್ಬ ಹುಡುಗನ ಬರವಣಿಗೆ ಕಣ್ಣಿಗೆ ಹಬ್ಬದಂತಿತ್ತು. ದುಂಡನೆಯ ಅಕ್ಷರ, ಸ್ಕೇಲ್ ಇಟ್ಟು ಎಳೆದ ಮಾರ್ಜಿನ್, ತಲೆಬರಹದ ಕೆಳಗೆ ಕೆಂಪು ಪೆನ್ನಿನ ಎರಡು ಗೆರೆ. ‘ಗುಡ್’ ಅಂತ ಬರೆಯಲು ಹೋದವನು ಒಂದು ಪದದ ಹತ್ತಿರ ತಡೆದೆ. ‘ಬಹುಪದೋಕ್ತಿ’ ಅಂತ ಇರಬೇಕಾದ ಕಡೆ ‘ಬಹುಪದೋ’ ಇತ್ತು. ಅದರ ಮುಂದೆ ಒಂದು ಕೊಂಡಿ, ಅದಕ್ಕೆ ತಾಗಿದಂತೆ ಒಂದು ಮಸುಕು ಗೆರೆ. ಯಾವ ಅಕ್ಷರವೂ ಅಲ್ಲ ಅದು. ಸ್ವಲ್ಪ ಹೊತ್ತಿಗೆ ಹೊಳೆಯಿತು. ಬೋರ್ಡಿನ ಮೇಲೆ ಬರೆಯುವಾಗ ನನ್ನ ತೋಳು ತಾಗಿ ಆ ‘ಕ್ತಿ’ ಅರ್ಧ ಅಳಿಸಿತ್ತು. ಉಳಿದ ಅರ್ಧವನ್ನು ಹುಡುಗ ಹಾಗೆಯೇ ಇಳಿಸಿಕೊಂಡಿದ್ದ. ಅಕ್ಷರ ಅವನಿಗೆ ಚಿತ್ರ.

ಮರುದಿನ ತರಗತಿಯಲ್ಲಿ ನೋಟ್‌ಬುಕ್ ಅವನ ಕೈಗೆ ಕೊಟ್ಟು, “ನೀ ಬರ್ದಿದ್ದು ನೀನಾ ಓದಪಾ” ಅಂದೆ.

“ಒಲ್ಲೆರಿ ಸರ್.”

“ಯಾಕ?”

“ಸುಮ್ನ. ಒಲ್ಲೆ.”

ಹುಡುಗರು ನಕ್ಕರು. ಅವನೂ ನಕ್ಕ. ನನಗೆ ಸಿಟ್ಟು ಬಂತು, ಹೊರಗೆ ನಿಲ್ಲಿಸಿದೆ. ಆ ಹೊತ್ತಿಗೆ ನನಗೆ ಕಂಡದ್ದು ಉಡಾಫೆ ಮಾತ್ರ. ಓದಲು ಬಾರದವನು ಅಂತ ಹಿಂದಿನ ಸಂಜೆ ನನ್ನ ಕಣ್ಣಾರೆ ಕಂಡಿದ್ದರೂ, ನಲವತ್ತು ಮಂದಿಯ ಮುಂದೆ ಓದು ಅಂದವನು ನಾನೇ. ಅದನ್ನು ಒಪ್ಪಿಕೊಳ್ಳಲು ನನಗೆ ಬಹಳ ವರ್ಷ ಹಿಡಿಯಿತು.

ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿ ಬಂದಾಗಲೆಲ್ಲ ಈ ಹುಡುಗ ನೆನಪಾಗುತ್ತಾನೆ. 2024ರಲ್ಲಿ ಯಾದಗಿರಿ ಶೇ 50.59 ಪಡೆದು ಕೊನೆಯ ಸ್ಥಾನದಲ್ಲಿತ್ತು. 2025ರಲ್ಲಿ ಆ ಸ್ಥಾನ ಕಲಬುರಗಿಗೆ ಬಂತು, ಶೇ 42.43. ಅದೇ ವರ್ಷ ದಕ್ಷಿಣ ಕನ್ನಡದ್ದು ಶೇ 91.12. ಪಟ್ಟಿ ಬಂದ ಮರುದಿನ ನಮ್ಮ ಕಡೆ ಏನೇನು ನಡೆಯುತ್ತದೆ ಅಂತ ಎಲ್ಲರಿಗೂ ಬಾಯಿಪಾಠ. ಪತ್ರಿಕೆಯಲ್ಲಿ ‘ಮತ್ತೆ ಕೊನೆ’ ಅಂತ ದಪ್ಪಕ್ಷರ, ಮುಖ್ಯ ಶಿಕ್ಷಕರಿಗೆ ನೋಟಿಸ್, ಸಭೆ, ಸಭೆಯಲ್ಲಿ ಚಹಾ, ಚಹಾ ಜೊತೆಗೆ ಒಂದು ಮಾತು: “ನಮ್ಮ ಭಾಗದ ಹುಡುಗರಿಗೆ ಓದೋ ಮನಸ್ಸೇ ಇಲ್ರಿ.”

ಅಂಕಿಗಳ ಬಗ್ಗೆ ಒಂದು ವಿಷಯ ತಿಳಿದಿರಲಿ. 2023ರಲ್ಲಿ ಇಡೀ ರಾಜ್ಯದ ಫಲಿತಾಂಶ ಶೇ 83.89 ಇತ್ತು. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮೆರಾ ಬಂತು, ವೆಬ್‌ಕಾಸ್ಟಿಂಗ್ ಶುರುವಾಯಿತು. ಕೃಪಾಂಕವನ್ನು ಎಂದೂ ಇಲ್ಲದಷ್ಟು ಹಿಗ್ಗಿಸಿದ ಮೇಲೂ ಫಲಿತಾಂಶ ಶೇ 73.40ಕ್ಕೆ ಇಳಿಯಿತು. ಅಂದರೆ ಒಂದೇ ವರ್ಷದಲ್ಲಿ ಮಕ್ಕಳು ದಡ್ಡರಾಗಲಿಲ್ಲ. ಮೊದಲಿನಿಂದ ಇದ್ದದ್ದು ಕ್ಯಾಮೆರಾಕ್ಕೆ ಕಂಡಿತು. ಇನ್ನು, 2025ರಲ್ಲಿ ಹತ್ತನೇ ತರಗತಿ ಬರೆದವರು ಕೊರೊನಾ ಬಂದ 2020ರ ಮಾರ್ಚ್‌ನಲ್ಲಿ ಐದನೇ ತರಗತಿಯಲ್ಲಿದ್ದವರು. ಅವರ ಆರನೇ ತರಗತಿ ಬಹುಪಾಲು ಮನೆಯಲ್ಲೇ ಕಳೆಯಿತು. ಒಂದರಿಂದ ಐದನೇ ತರಗತಿಯವರಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಅಕ್ಷರ ಕಲಿಯಬೇಕಾದ ವರ್ಷವನ್ನೇ ಕಳೆದುಕೊಂಡ ಆಗಿನ ಒಂದನೇ ತರಗತಿಯವರು ಎಸ್ಸೆಸ್ಸೆಲ್ಸಿ ಬರೆಯುವುದು 2030ರಲ್ಲಿ. ಆ ವರ್ಷದ ದಪ್ಪಕ್ಷರವನ್ನು ಈಗಲೇ ಜೋಡಿಸಿ ಇಡಬಹುದು.

ಆದರೆ ‘ಮನಸ್ಸೇ ಇಲ್ಲ’ ಅನ್ನುವ ಮಾತನ್ನು ಅಷ್ಟಕ್ಕೇ ಬಿಡಲಾಗದು. ಅದು ಪೂರ್ತಿ ಸುಳ್ಳೂ ಅಲ್ಲ. ಪುಸ್ತಕ ತೆಗೆ ಅಂದರೆ ತೆಗೆಯದ, ಪೆನ್ನು ಇಲ್ಲ ಅನ್ನುವ, ಉತ್ತರ ಪತ್ರಿಕೆಯಲ್ಲಿ ಪ್ರಶ್ನೆಗಳನ್ನೇ ಮತ್ತೆ ಬರೆದು ಎದ್ದು ಹೋಗುವ ಹುಡುಗರನ್ನು ದಿನಾ ನೋಡುವ ಶಿಕ್ಷಕರು ಆಡುವ ಮಾತು ಅದು. ಹಾಗಾಗಿ ಪ್ರಶ್ನೆಯನ್ನು ಸ್ವಲ್ಪ ತಿರುಗಿಸಿ ನೋಡುತ್ತೇನೆ. ಓದಿದರೆ ಅವನಿಗೆ ಏನು ಲಾಭ ಅಂತ ನಾವು ಗಂಟೆಗಟ್ಟಲೆ ಹೇಳುತ್ತೇವೆ. ಓದಲು ಪ್ರಯತ್ನಿಸಿದರೆ ಅವನಿಗೆ ಏನು ನಷ್ಟ?

ಬರಂಗಿಲ್ಲ, ಬ್ಯಾಡ, ಒಲ್ಲೆ

ನಮ್ಮ ಕಡೆಯ ಮಾತಿನಲ್ಲಿ ಈ ಮೂರಕ್ಕೆ ಮೂರು ಬೇರೆ ತೂಕ ಇದೆ. ‘ಬರಂಗಿಲ್ಲ’ ಅಂದರೆ ಕೈಲಾಗದು, ಗೊತ್ತಿಲ್ಲ. ‘ಬ್ಯಾಡ’ ಅಂದರೆ ಅದರ ಅಗತ್ಯ ಕಾಣಲಿಲ್ಲ. ‘ಒಲ್ಲೆ’ ಅಂದರೆ ಮಾಡಬಲ್ಲೆ ಅಂತಲೇ ಇಟ್ಟುಕೋ, ಮಾಡೋದಿಲ್ಲ. ಊಟಕ್ಕೆ ಕರೆದಾಗ ಹಸಿದವನೂ ಬಿಗುಮಾನಕ್ಕೆ ‘ಒಲ್ಲೆ’ ಅನ್ನುತ್ತಾನೆ. ‘ಒಲ್ಲೆ’ ಅಂದವನ ಕೈ ಮೇಲಿರುತ್ತದೆ, ‘ಬರಂಗಿಲ್ಲ’ ಅಂದವನದು ಕೆಳಗೆ.

ಒಂದನೇ ತರಗತಿಯ ಮಗು ‘ಬರಂಗಿಲ್ರಿ’ ಅಂತ ಸಲೀಸಾಗಿ ಹೇಳುತ್ತದೆ. ಅದಕ್ಕೆ ನಾಚಿಕೆ ಇಲ್ಲ. ಮೂರನೇ ತರಗತಿಯ ಹೊತ್ತಿಗೆ ಪಾಠ ಉದ್ದವಾಗುತ್ತದೆ, ಒತ್ತಕ್ಷರ ದಟ್ಟವಾಗುತ್ತದೆ, ಗಣಿತದಲ್ಲಿ ಕೂಡಿಸು ಕಳೆ ಅನ್ನುವುದು ವಾಕ್ಯದ ಲೆಕ್ಕವಾಗುತ್ತದೆ. ಅಲ್ಲಿಯವರೆಗೆ ‘ನಲಿ-ಕಲಿ’ಯ ಕಾರ್ಡುಗಳಲ್ಲಿ ತನ್ನ ಗತಿಯಲ್ಲಿ ಮೆಟ್ಟಿಲು ಹತ್ತುತ್ತಿದ್ದ ಮಗು ನಾಲ್ಕನೇ ತರಗತಿಗೆ ಬಂದ ಕೂಡಲೇ ಎಲ್ಲರಿಗೂ ಒಂದೇ ಪುಸ್ತಕ, ಒಂದೇ ಪುಟ. ಹಿಂದೆ ಬಿದ್ದವನನ್ನು ಬಸ್ಸು ಕಾಯುವುದಿಲ್ಲ. ಅವನೂ ಮುಂದಿನ ತರಗತಿಗೆ ಹೋಗುತ್ತಾನೆ, ಕಲಿಕೆ ಮಾತ್ರ ಹಿಂದಿನ ಸ್ಟಾಪಿನಲ್ಲೇ ಉಳಿಯುತ್ತದೆ. ಐದಾರು ವರ್ಷ ದಿನಕ್ಕೆ ಆರೇಳು ತಾಸು ತನಗೆ ತಿಳಿಯದ ಮಾತು ಕೇಳುತ್ತ ಕೂರುವುದು ಏನು ಅಂತ ಒಮ್ಮೆ ಊಹಿಸಿ. ನನ್ನನ್ನು ಆರು ವರ್ಷ ತಮಿಳು ವ್ಯಾಕರಣದ ತರಗತಿಯಲ್ಲಿ ಕೂರಿಸಿದ್ದರೆ ನಾನು ಬೆಂಚಿಗೆ ಬೆಂಕಿ ಹಚ್ಚುತ್ತಿದ್ದೆ. ನಮ್ಮ ಹುಡುಗರು ಬರೀ ಪೆನ್ನು ಮರೆತು ಬರುತ್ತಾರೆ.

ಈ ನಡುವೆ ಎಲ್ಲೋ ‘ಬರಂಗಿಲ್ಲ’ ಅನ್ನುವುದು ‘ಒಲ್ಲೆ’ ಆಗುತ್ತದೆ. ಓದದೆ ನಪಾಸಾದರೆ ‘ಓದಿಲ್ಲ, ಅದಕ್ಕ ಹೋತು’ ಅನ್ನಬಹುದು. ಓದಿ ನಪಾಸಾದರೆ ದಡ್ಡ ಅಂತ ಸಾಬೀತಾಯಿತು. ಮೊದಲನೆಯದರಲ್ಲಿ ಮರ್ಯಾದೆ ಉಳಿಯುತ್ತದೆ. ಮನಶ್ಶಾಸ್ತ್ರದಲ್ಲಿ ಇದಕ್ಕೆ ಹಳೆಯ ಸಾಕ್ಷಿ ಇದೆ. 1978ರಲ್ಲಿ ಅಮೆರಿಕದ ಬರ್ಗ್ಲಾಸ್ ಮತ್ತು ಜೋನ್ಸ್ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಪರೀಕ್ಷೆ ಕೊಟ್ಟರು. ಕೆಲವರಿಗೆ ಉತ್ತರವೇ ಇಲ್ಲದ ಪ್ರಶ್ನೆಗಳು. ಆಮೇಲೆ ಎಲ್ಲರಿಗೂ ‘ಚೆನ್ನಾಗಿ ಮಾಡಿದಿರಿ’ ಅಂತ ಹೇಳಿ, ಎರಡನೇ ಪರೀಕ್ಷೆಗೆ ಮುಂಚೆ ಎರಡು ಮಾತ್ರೆ ತೋರಿಸಿದರು. ಒಂದು ಬುದ್ಧಿ ಚುರುಕು ಮಾಡುತ್ತದೆ, ಇನ್ನೊಂದು ಮಂಕು ಮಾಡುತ್ತದೆ ಅಂದರು. ತಾವು ಹೇಗೆ ಗೆದ್ದೆವು ಅಂತ ತಿಳಿಯದೆ ಗೆದ್ದ ಹುಡುಗರಲ್ಲಿ ಹೆಚ್ಚಿನವರು ಮಂಕು ಮಾಡುವ ಮಾತ್ರೆಯನ್ನೇ ಆರಿಸಿಕೊಂಡರು. ಈ ಸಲ ಸೋತರೆ ಹೊಣೆ ಮಾತ್ರೆಯ ಮೇಲೆ. ಹುಡುಗಿಯರಲ್ಲಿ ಇದು ಕಾಣಲಿಲ್ಲ. ನಮ್ಮ ಹುಡುಗ ಮನೆಯಲ್ಲಿ ಮರೆತು ಬಂದ ಪೆನ್ನು ಆ ಮಾತ್ರೆಯೇ.

ಹುಡುಗಿಯರ ಮಾತು ಬಂತಲ್ಲ. ರಾಜ್ಯದಲ್ಲಿ ವರ್ಷವರ್ಷವೂ ಫಲಿತಾಂಶದಲ್ಲಿ ಹುಡುಗಿಯರೇ ಮುಂದು. ಅವರಿಗೆ ಓದಿನ ಮೇಲೆ ಪ್ರೀತಿ ಜಾಸ್ತಿ ಅಂತ ಭಾಷಣದಲ್ಲಿ ಹೇಳುತ್ತಾರೆ. ನನಗೆ ಕಂಡ ಕಾರಣ ಬೇರೆ. ನಮ್ಮ ಹಳ್ಳಿಗಳಲ್ಲಿ ಹದಿನೈದರ ಹುಡುಗಿಗೆ ಶಾಲೆ ಬಿಟ್ಟರೆ ಮುಂದಿನ ನಿಲ್ದಾಣ ಮದುವೆ. ಪಾಸಾದರೆ ಪಿಯುಸಿ ನೆಪದಲ್ಲಿ ಎರಡು ವರ್ಷ ಸಿಗುತ್ತದೆ. ಹುಡುಗ ಮಾಸ್ತರಿಗೆ ಒಲ್ಲೆ ಅನ್ನಲು ಓದು ಬಿಡುತ್ತಾನೆ, ಹುಡುಗಿ ಮನೆಯವರಿಗೆ ಒಲ್ಲೆ ಅನ್ನಲು ಓದುತ್ತಾಳೆ.

‘ಮನಿ’ ಅಂದರೆ ತಪ್ಪು

ನಮ್ಮ ಜಿಲ್ಲೆಗಳಲ್ಲಿ ‘ಕನ್ನಡ ಮಾಧ್ಯಮ’ ಅನ್ನುವ ಪದ ಬಹಳ ಸಂಗತಿ ಮುಚ್ಚಿಡುತ್ತದೆ. ತಾಂಡಾದ ಮಗುವಿಗೆ ಮನೆಯಲ್ಲಿ ಲಂಬಾಣಿ. ಔರಾದ್, ಭಾಲ್ಕಿ, ಬಸವಕಲ್ಯಾಣದ ಕಡೆ ಎಷ್ಟೋ ಮನೆಗಳಲ್ಲಿ ಮರಾಠಿ. ಸೇಡಂ, ಗುರುಮಠಕಲ್ ಗಡಿಯಲ್ಲಿ ತೆಲುಗು. ಊರೂರಿನ ಮೊಹಲ್ಲಾಗಳಲ್ಲಿ ದಖನಿ. ಇವರಲ್ಲಿ ಅನೇಕರಿಗೆ ಶಾಲೆಯ ಕನ್ನಡ ಎರಡನೆಯ ಭಾಷೆ, ಇಂಗ್ಲಿಷ್ ಮೂರನೆಯದು. ಹಾಗಿದ್ದೂ ಒಂದನೇ ತರಗತಿಯ ಮೊದಲ ದಿನದಿಂದ ಪಾಠ ನಡೆಯುವುದು ಮಗುವಿಗೆ ಕನ್ನಡ ಬರುತ್ತದೆ ಅನ್ನುವ ನಂಬಿಕೆಯ ಮೇಲೆ.

ಅಷ್ಟೇ ಅಲ್ಲ, ಅಪ್ಪಟ ಕನ್ನಡದ ಮನೆಯ ಹುಡುಗನಿಗೂ ಇದೇ ಪಾಡು. ಅವನು ‘ಮನಿ’ ಅಂದರೆ ‘ಮನೆ’ ಅನ್ನು ಅಂತ ತಿದ್ದುತ್ತೇವೆ. ‘ಸಾಲಿ’ ಅಂದರೆ ‘ಶಾಲೆ’. ‘ಹೋಗ್ಲಕತ್ತೀನಿ’ ಅಂದರೆ ಇಡೀ ತರಗತಿ ನಗುತ್ತದೆ, ನಗುವವರೂ ಮನೆಯಲ್ಲಿ ಅದನ್ನೇ ಆಡುವವರು. ಬಾಯಿ ತೆರೆದಾಗಲೆಲ್ಲ ತಪ್ಪಾದರೆ ಬಾಯಿ ಮುಚ್ಚುವುದು ಜಾಣತನ. ಹತ್ತನೇ ತರಗತಿಗೆ ಬರುವಷ್ಟರಲ್ಲಿ ಆ ಜಾಣತನ ಗಟ್ಟಿಯಾಗಿರುತ್ತದೆ, ನಾವು ಅದಕ್ಕೆ ‘ಮಂದ ವಿದ್ಯಾರ್ಥಿ’ ಅಂತ ಹೆಸರಿಡುತ್ತೇವೆ.

ಇಲ್ಲಿ ನಮ್ಮಜ್ಜನ ವಿಷಯ ಹೇಳಬೇಕು. ನಿಜಾಮರ ಆಳ್ವಿಕೆಯಲ್ಲಿ ಈಗಿನ ಬೀದರ್, ಕಲಬುರಗಿ, ಯಾದಗಿರಿ ಮೂರೂ ಜಿಲ್ಲೆ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಕಚೇರಿಯ ಭಾಷೆ ಉರ್ದು. 1918ರಲ್ಲಿ ಶುರುವಾದ ಉಸ್ಮಾನಿಯಾ ವಿಶ್ವವಿದ್ಯಾಲಯದಲ್ಲೂ ಬೋಧನೆ ಉರ್ದುವಿನಲ್ಲೇ. ನಮ್ಮಜ್ಜ ಮನೆಯಲ್ಲಿ ಕನ್ನಡ ಆಡಿ, ಶಾಲೆಯಲ್ಲಿ ಅಲಿಫ್ ಬೇ ಕಲಿತವನು. ಉರ್ದು ಪಹಣಿ ಓದುತ್ತಿದ್ದ, ಉರ್ದುವಿನಲ್ಲೇ ಸಹಿ. 1948ರ ಸೆಪ್ಟೆಂಬರ್‌ನಲ್ಲಿ ಪೊಲೀಸ್ ಕಾರ್ಯಾಚರಣೆ ಆಯಿತು, 1956ಕ್ಕೆ ನಾವು ಮೈಸೂರು ರಾಜ್ಯಕ್ಕೆ ಸೇರಿದೆವು. ಕಾಗದ ಪತ್ರ ಎಲ್ಲ ಕನ್ನಡವಾಯಿತು. ಆಗಬೇಕಾದದ್ದೇ. ಆದರೆ ಅಜ್ಜ ಸಾಲಕ್ಕೆ ಅಂತ ಹೋದಾಗ ಅವನ ಸಹಿ ನೋಡಿದ ಗುಮಾಸ್ತ, “ಇದ್ಯಾವ ಗೀಚು, ಹೆಬ್ಬಟ್ಟು ಒತ್ತು ಅಜ್ಜ” ಅಂದನಂತೆ. ಓದು ಬಂದವನು ಒಂದೇ ಮಧ್ಯಾಹ್ನದಲ್ಲಿ ಅನಕ್ಷರಸ್ಥನಾದ. ಸಾಯುವತನಕ ಅವನು ನಮಗೆ ಹೇಳುತ್ತಿದ್ದದ್ದು, “ಓದಿದ್ದು ಯಾವಾಗ ಕೆಟ್ಟು ಹೋಗ್ತದ ಹೇಳಾಕ ಬರಂಗಿಲ್ಲ, ಹೊಲ ಮಾತ್ರ ಕೆಡಂಗಿಲ್ಲ.” ಓದಿನ ಮೇಲಿನ ಅಪನಂಬಿಕೆ ಇಂಥ ಮನೆಗಳಲ್ಲಿ ಹುಟ್ಟಿದ್ದು ಮೊಬೈಲಿನಿಂದಲ್ಲ.

ಮೊಬೈಲಿನ ಬಗ್ಗೆಯೂ ಒಂದು ಮಾತು ಹೇಳಿ ಮುಗಿಸುತ್ತೇನೆ, ಯಾಕೆಂದರೆ ಸಭೆಗಳಲ್ಲಿ ಅದರದೇ ಗದ್ದಲ. ನಮ್ಮ ಹುಡುಗರು ಯೂಟ್ಯೂಬ್‌ನಲ್ಲಿ ಹುಡುಕುವಾಗ ಟೈಪ್ ಮಾಡುವುದಿಲ್ಲ, ಮೈಕ್ ಗುಂಡಿ ಒತ್ತಿ ಮಾತಾಡುತ್ತಾರೆ. ಅಕ್ಷರ ಬಾರದವನಿಗೂ ತೆರೆದ ಬಾಗಿಲು ಅದೊಂದೇ. ಪಂಪ್‌ಸೆಟ್ ಮೋಟರಿನ ವೈಂಡಿಂಗ್ ಅದರಿಂದಲೇ ಕಲಿತ ಒಬ್ಬನನ್ನು ನಾನು ಬಲ್ಲೆ. ಶಾಲೆಯ ದಾಖಲೆಯಲ್ಲಿ ಅವನಿಗೆ ಕಲಿಕೆಯಲ್ಲಿ ಆಸಕ್ತಿ ಇಲ್ಲ.

ಹತ್ತಿಯ ಪಂಚಾಂಗ

ಶಾಲೆಯ ವರ್ಷ ಜೂನ್‌ಗೆ ಶುರು. ಹೊಲದ ವರ್ಷ ಬೇರೆ. ಶಹಾಪುರ, ಸುರಪುರ, ಯಾದಗಿರಿ ಕಡೆ ದಸರಾ ಮುಗಿಯುವ ಹೊತ್ತಿಗೆ ಹತ್ತಿ ಬಿಚ್ಚುತ್ತದೆ. ಹತ್ತಿ ಬಿಡಿಸಲು ಎತ್ತರದ ಆಳು ಬೇಕಿಲ್ಲ, ಚುರುಕು ಬೆರಳು ಸಾಕು. ಕಲಬುರಗಿಯ ಕಪ್ಪು ಮಣ್ಣಿನಲ್ಲಿ ಡಿಸೆಂಬರ್-ಜನವರಿಗೆ ತೊಗರಿ ರಾಶಿ. ತಾಂಡಾಗಳಿಂದ ದೀಪಾವಳಿ ಆದಮೇಲೆ ಟೋಳಿ ಟೋಳಿಯಾಗಿ ಮಹಾರಾಷ್ಟ್ರಕ್ಕೆ ಕಬ್ಬು ಕಡಿಯಲು ಹೊರಡುತ್ತಾರೆ, ಮುಂಗಡ ಮೊದಲೇ ತಗೊಂಡಿರುತ್ತಾರೆ, ಹಾಗಾಗಿ ಹೋಗದೆ ಇರುವಂತಿಲ್ಲ. ಪುಣೆ, ಮುಂಬೈ, ಹೈದರಾಬಾದ್, ಬೆಂಗಳೂರಿನ ಕಟ್ಟಡ ಕೆಲಸಕ್ಕೆ ಹೋಗುವವರದು ವರ್ಷಪೂರ್ತಿ ಓಡಾಟ. ಅಜ್ಜಿ ಇದ್ದ ಮನೆಯ ಮಕ್ಕಳು ಊರಲ್ಲಿ ಉಳಿಯುತ್ತಾರೆ, ಇಲ್ಲದವರು ತಾಯಿ-ತಂದೆಯ ಹಿಂದೆ ಹೋಗುತ್ತಾರೆ.

ಮೂರು ತಿಂಗಳ ಮೇಲೆ ತಿರುಗಿ ಬಂದ ಹುಡುಗನನ್ನು ಶಾಲೆ ಎದುರುಗೊಳ್ಳುವ ಮಾತು: “ಬಂದ್ಯಾ ಸಾಹುಕಾರ?” ಹಾಜರಿಗಾಗಿ ಬೈಗುಳ, ಆಮೇಲೆ ಎಲ್ಲರ ಜೊತೆ ಎಂಟನೇ ಅಧ್ಯಾಯ. ನಡುವಿನ ನಾಲ್ಕು ಅಧ್ಯಾಯ ಅವನಿಗೆ ಯಾರೂ ಹೇಳುವುದಿಲ್ಲ. ಜೂನ್‌ನಲ್ಲಿ ‘ಸೇತುಬಂಧ’ ಅಂತ ಒಂದು ಕಾರ್ಯಕ್ರಮ ಇದೆ, ಹಿಂದಿನ ವರ್ಷದ ಕಲಿಕೆಗೂ ಈ ವರ್ಷಕ್ಕೂ ಸೇತುವೆ ಕಟ್ಟಲು. ಒಳ್ಳೆಯ ಯೋಚನೆ. ಆದರೆ ನಮ್ಮ ಜಿಲ್ಲೆಯಲ್ಲಿ ಹೊಳೆ ತುಂಬುವುದು ಫೆಬ್ರವರಿಯಲ್ಲಿ, ಸೇತುವೆ ಇರುವುದು ಜೂನ್‌ನಲ್ಲಿ.

ಅಕ್ಷರದ ಚಿತ್ರ ಬರೆಯುತ್ತಿದ್ದ ಆ ಹುಡುಗನನ್ನು ಒಮ್ಮೆ ಹೊಲದ ಬದುವಿನಲ್ಲಿ ಕಂಡೆ. ಸಂಜೆ ತೂಕದ ಹೊತ್ತು. ಬೇವಿನ ಟೊಂಗೆಗೆ ಕೊಕ್ಕೆ ತಕ್ಕಡಿ ನೇತು ಹಾಕಿ ಒಬ್ಬೊಬ್ಬರ ಗಂಟು ತೂಗುತ್ತಿದ್ದರು. ಕೆಜಿಗೆ ಒಂಬತ್ತು ರೂಪಾಯಿ ಕೂಲಿ. ಅವನ ಮನೆಯವರು ಮೂವರು ಬಿಡಿಸಿದ್ದು ಅರವತ್ತೈದು ಕೆಜಿ, ಗಂಟಿನ ಬಟ್ಟೆಯ ತೂಕ ಒಂದು ಕೆಜಿ ಹೋಗಿ ಅರವತ್ನಾಲ್ಕು. ಹೊಲದ ಮಾಲೀಕ ಮೊಬೈಲ್ ತೆಗೆದು ಕ್ಯಾಲ್ಕುಲೇಟರ್ ಹುಡುಕುವಷ್ಟರಲ್ಲಿ ಹುಡುಗ ಅಂದ, “ಆರೊಂಬತ್ಲಿ ಐವತ್ನಾಕು, ಅಲ್ಲಿಗೆ ಐನೂರಾ ನಲವತ್ತಾತು. ನಾಕೊಂಬತ್ಲಿ ಮೂವತ್ತಾರು. ಐನೂರಾ ಎಪ್ಪತ್ತಾರು. ನಿನ್ನಿವು ನೂರು ಮುರಕೋರಿ, ನಾನೂರಾ ಎಪ್ಪತ್ತಾರು ಕೊಡ್ರಿ.”

ಅರವತ್ನಾಲ್ಕನ್ನು ಅರವತ್ತು ಮತ್ತು ನಾಲ್ಕಾಗಿ ಒಡೆದು, ಎರಡನ್ನೂ ಒಂಬತ್ತರಿಂದ ಗುಣಿಸಿ ಕೂಡಿಸಿದ. ಅದಕ್ಕೆ ವಿಭಾಜಕ ನಿಯಮ ಅನ್ನುತ್ತಾರೆ. ಬೋರ್ಡಿನ ಮೇಲೆ ಎ, ಬಿ, ಸಿ ಹಾಕಿ ಅದನ್ನೇ ನಾನು ಎರಡು ವಾರ ಹೇಳಿದ್ದೆ, ಅವನು ಒಂದು ಸಲವೂ ತಲೆ ಎತ್ತಿರಲಿಲ್ಲ. ಕೋಲ್ಕತ್ತ ಮತ್ತು ದೆಹಲಿಯ ಮಾರುಕಟ್ಟೆಗಳಲ್ಲಿ ಕೆಲಸ ಮಾಡುವ ಮಕ್ಕಳ ಮೇಲೆ ಅರ್ಥಶಾಸ್ತ್ರಜ್ಞರಾದ ಅಭಿಜಿತ್ ಬ್ಯಾನರ್ಜಿ, ಎಸ್ತರ್ ಡುಫ್ಲೊ ಮೊದಲಾದವರು ಮಾಡಿದ ಅಧ್ಯಯನ 2025ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬಂತು. ವ್ಯಾಪಾರದ ಲೆಕ್ಕವನ್ನು ಬಾಯಲ್ಲೇ ಬಿಡಿಸುವ ಈ ಮಕ್ಕಳು ಶಾಲೆಯ ರೀತಿಯಲ್ಲಿ ಬರೆದು ಕೊಟ್ಟ ಲೆಕ್ಕದಲ್ಲಿ ಎಡವುತ್ತಾರೆ. ಶಾಲೆಯ ಮಕ್ಕಳು ಪುಸ್ತಕದ ಲೆಕ್ಕ ಮಾಡಿದರೂ ಅಂಗಡಿಯ ಲೆಕ್ಕದಲ್ಲಿ ತಡವರಿಸುತ್ತಾರೆ. ಎರಡರ ನಡುವೆ ಬಾಗಿಲೇ ಇಲ್ಲ. ಬದುವಿನಿಂದ ನಾಲ್ಕು ಹೆಜ್ಜೆ ದೂರದಲ್ಲಿ ನಿಂತಿದ್ದ ನನ್ನನ್ನು ನೋಡಿ ಹುಡುಗ ತಲೆ ತಗ್ಗಿಸಿದ, ಶಾಲೆ ತಪ್ಪಿಸಿ ಸಿಕ್ಕಿಬಿದ್ದೆ ಅಂತ. ತಲೆ ತಗ್ಗಿಸಬೇಕಾದವನು ಯಾರು ಅನ್ನುವುದು ನನಗೆ ಆ ಸಂಜೆ ಸ್ವಲ್ಪ ಗೊಂದಲವಾಯಿತು.

‘ಬ್ಯಾಡ’ ಅನ್ನುವ ಲೆಕ್ಕವೂ ಇಲ್ಲೇ ಹುಟ್ಟುತ್ತದೆ. ಐನೂರಾ ಎಪ್ಪತ್ತಾರು ಇವತ್ತಿನ ಸಂಜೆಯ ದುಡ್ಡು. ಎಸ್ಸೆಸ್ಸೆಲ್ಸಿಯ ದುಡ್ಡು ಯಾವತ್ತಿಗೆ? ಅವನ ಓಣಿಯಲ್ಲಿ ಬಿಎ, ಬಿಎಡ್ ಮುಗಿಸಿದ ಅಣ್ಣ ಅತಿಥಿ ಶಿಕ್ಷಕನಾಗಿ ವರ್ಷಕ್ಕೆ ಕೆಲವೇ ತಿಂಗಳು ಗೌರವಧನ ಪಡೆಯುತ್ತಾನೆ, ಅದೂ ತಡವಾಗಿ. ಸಂವಿಧಾನದ 371 (ಜೆ) ವಿಧಿಯಿಂದ ಕಲ್ಯಾಣ ಕರ್ನಾಟಕ ಅನ್ನುವ ಈ ಭಾಗದವರಿಗೆ ಇಲ್ಲಿನ ಸಿ ಗುಂಪಿನ ಸರ್ಕಾರಿ ಹುದ್ದೆಗಳಲ್ಲಿ ಶೇ 80, ಡಿ ಗುಂಪಿನಲ್ಲಿ ಶೇ 85 ಮೀಸಲು ಇದೆ, ದೊಡ್ಡ ವಿಷಯವೇ. ಆದರೆ ಆ ಸಾಲಿನಲ್ಲಿ ನಿಲ್ಲಲು ಮೊದಲು ಓದಿ ದಾಟಬೇಕಾದ ಹೊಳೆಯೇ ಅವನಿಗೆ ದಾಟಲಾಗದ್ದು. ಅವನ ತಾಯಿಗೆ ಪ್ರಗತಿ ಪತ್ರ ಓದಲು ಬರುವುದಿಲ್ಲ. 2011ರ ಜನಗಣತಿಯಲ್ಲಿ ಯಾದಗಿರಿ ಜಿಲ್ಲೆಯ ಮಹಿಳಾ ಸಾಕ್ಷರತೆ ಶೇ 41.38. ‘ಪೋಷಕರಿಗೆ ಕಾಳಜಿ ಇಲ್ಲ’ ಅನ್ನುವವರು ಈ ಅಂಕಿಯನ್ನು ಜೇಬಲ್ಲಿ ಇಟ್ಟುಕೊಂಡಿರಬೇಕು.

ಶಾಲೆಯ ಬಾಗಿಲವರೆಗೆ ಮಕ್ಕಳನ್ನು ಕರೆತರುವುದರಲ್ಲಿ ನಾವು ತಕ್ಕಮಟ್ಟಿಗೆ ಗೆದ್ದಿದ್ದೇವೆ. 2002ರಲ್ಲಿ ರಾಜ್ಯದ ಬಿಸಿಯೂಟ ಶುರುವಾದದ್ದೇ ಈ ಭಾಗದ ಜಿಲ್ಲೆಗಳಿಂದ, 2021ರ ಡಿಸೆಂಬರ್‌ನಲ್ಲಿ ಮೊಟ್ಟೆ ಬಂದದ್ದೂ ಇಲ್ಲಿಗೇ ಮೊದಲು. ಒಳಗೆ ಬಂದು ಕೂತವನಿಗೆ ಏನಾಗುತ್ತದೆ ಅನ್ನುವುದು ಉಳಿದಿದೆ.

ಎದ್ದು ನಿಲ್ಲುವುದು

ತರಗತಿಯೊಳಗೆ ನಡೆಯುವ ಒಂದು ಸಣ್ಣ ಸಂಗತಿ ಹೇಳುತ್ತೇನೆ. ವಿದ್ಯಾರ್ಥಿವೇತನದ ಅರ್ಜಿ ತುಂಬುವ ದಿನ ಬಾಗಿಲಲ್ಲಿ ಬಂದು ಯಾರೋ ಕೂಗುತ್ತಾರೆ, “ಎಸ್ಸಿ, ಎಸ್ಟಿ ಹುಡುಗರು ಎದ್ದು ನಿಲ್ರಿ.” ಕೆಟ್ಟ ಉದ್ದೇಶ ಇರುವುದಿಲ್ಲ. ಕೆಲಸ ಬೇಗ ಆಗಲಿ ಅಂತ. ಎಂಟೊಂಬತ್ತು ಮಂದಿ ಎದ್ದು ನಿಲ್ಲುತ್ತಾರೆ, ಉಳಿದವರು ತಿರುಗಿ ನೋಡುತ್ತಾರೆ. ಹೆಸರು ಬರೆದುಕೊಂಡು ಹೋದಮೇಲೆ ಪಾಠ ಮುಂದುವರಿಯುತ್ತದೆ.

2004ರಲ್ಲಿ ಪ್ರಕಟವಾದ ಒಂದು ಅಧ್ಯಯನಕ್ಕಾಗಿ ಕಾರ್ಲಾ ಹಾಫ್ ಮತ್ತು ಪ್ರಿಯಾಂಕಾ ಪಾಂಡೆ ಅನ್ನುವ ಸಂಶೋಧಕರು ಉತ್ತರ ಪ್ರದೇಶದ ಹಳ್ಳಿಯಲ್ಲಿ ಆರು-ಏಳನೇ ತರಗತಿಯ ಹುಡುಗರಿಗೆ ದಾರಿ ಹುಡುಕುವ ಒಗಟಿನ ಚಿತ್ರ ಕೊಟ್ಟು ನೋಡಿದರು. ಜಾತಿ ಯಾರೂ ಹೇಳದಿದ್ದಾಗ ಮೇಲ್ಜಾತಿಯ ಹುಡುಗರೂ ಕೆಳಜಾತಿಯ ಹುಡುಗರೂ ಸರಿಸುಮಾರು ಒಂದೇ ಸಮ ಬಿಡಿಸಿದರು. ಎಲ್ಲರ ಮುಂದೆ ಹೆಸರು, ಊರು, ಅಪ್ಪನ ಹೆಸರು, ಜಾತಿ ಓದಿ ಹೇಳಿದ ಮೇಲೆ ಕೆಳಜಾತಿಯ ಹುಡುಗರ ಅಂಕ ಕುಸಿಯಿತು. ಒಗಟು ಅದೇ, ಹುಡುಗರೂ ಅಂಥವರೇ. ಈ ಅಧ್ಯಯನ ಓದಿದ ಮೇಲೆ ಬಾಗಿಲಲ್ಲಿ ಕೂಗುವುದನ್ನು ನಮ್ಮ ಶಾಲೆಯಲ್ಲಿ ನಿಲ್ಲಿಸೋಣ ಅಂದೆ. ಪಟ್ಟಿ ಕಚೇರಿಯಲ್ಲೇ ಇದೆ, ಒಬ್ಬೊಬ್ಬರನ್ನೇ ಕರೆದರಾಯಿತು. “ಅಷ್ಟು ಸೂಕ್ಷ್ಮ ಆದ್ರ ಸಾಲಿ ನಡಸೋದು ಹ್ಯಾಂಗ್ರಿ?” ಅಂದರು ಹಿರಿಯ ಸಹೋದ್ಯೋಗಿಯೊಬ್ಬರು. ಮುಂದಿನ ವರ್ಷದಿಂದ ನಿಂತಿತು. ಅದಕ್ಕೆ ಒಂದು ಪೈಸೆ ಖರ್ಚಾಗಲಿಲ್ಲ.

ಪಾಸಿಂಗ್ ಪ್ಯಾಕೇಜ್

ಫಲಿತಾಂಶ ಕುಸಿದ ಮೇಲೆ ವ್ಯವಸ್ಥೆ ಎಲ್ಲ ಕೈಗಳಿಂದ ಹತ್ತನೇ ತರಗತಿಯನ್ನು ಹಿಡಿದುಕೊಳ್ಳುತ್ತದೆ. ಬೆಳಿಗ್ಗೆ ವಿಶೇಷ ತರಗತಿ, ಸಂಜೆ ಗುಂಪು ಅಧ್ಯಯನ, ನಸುಕಿನ ಐದಕ್ಕೆ ಶಿಕ್ಷಕರು ಮಕ್ಕಳ ಮನೆಗೆ ಫೋನ್ ಮಾಡಿ ಎಬ್ಬಿಸುವುದು, ಒಬ್ಬೊಬ್ಬ ಶಿಕ್ಷಕನಿಗೆ ಇಷ್ಟಿಷ್ಟು ಮಕ್ಕಳ ದತ್ತು. ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ‘ಅಕ್ಷರ ಆವಿಷ್ಕಾರ’ದಂಥ ಯೋಜನೆಗಳಿಂದ ಕೋಣೆಗಳು, ಬೆಂಚುಗಳು, ಅತಿಥಿ ಶಿಕ್ಷಕರು ಬಂದಿದ್ದಾರೆ, ಬೇಕಾಗಿದ್ದವು. 2024ರಲ್ಲಿ ವರ್ಷಕ್ಕೆ ಮೂರು ಪರೀಕ್ಷೆ ಬರೆಯುವ ಅವಕಾಶವೂ ಬಂತು.

ಇದೆಲ್ಲದರ ನಡುವೆ ‘ಪಾಸಿಂಗ್ ಪ್ಯಾಕೇಜ್’ ಅನ್ನುವುದು ಒಂದಿದೆ. ಪರೀಕ್ಷೆಗೆ ಖಂಡಿತ ಬರುವ ಪ್ರಶ್ನೆಗಳನ್ನು ಆರಿಸಿ ಇಪ್ಪತ್ತು-ಮೂವತ್ತು ಪುಟದಲ್ಲಿ ಕಟ್ಟಿ ‘ಹಿಂದುಳಿದ’ ಮಕ್ಕಳಿಗೆ ಕೊಡುವುದು. ನಕ್ಷೆ ಗುರುತಿಸು, ಚಿತ್ರ ಬರೆ, ಇಷ್ಟು ಗಾದೆ, ಇಷ್ಟು ಸೂತ್ರ. ನಾನೂ ಮಾಡಿ ಹಂಚಿದ್ದೇನೆ, ಅದರಿಂದ ದಡ ಸೇರಿದವರೂ ಇದ್ದಾರೆ, ಆ ಪಾಸ್‌ನಿಂದ ಐಟಿಐ ಸೇರಿ ಇವತ್ತು ಸಂಬಳ ಎಣಿಸುವವರಿದ್ದಾರೆ. ಹಾಗಾಗಿ ಸಾರಾಸಗಟಾಗಿ ಹಳಿಯುವುದಿಲ್ಲ. ಆದರೆ ಆ ಹಾಳೆ ಹುಡುಗನ ಕೈಗೆ ಬಂದಾಗ ಅವನಿಗೆ ಕೇಳಿಸುವುದೇನು? ನಿನಗೆ ಪುಸ್ತಕ ಆಗದು, ಇದು ನಿನ್ನ ಪಾಲು. ಹತ್ತು ವರ್ಷದಿಂದ ಅವನು ಮುಚ್ಚಿಟ್ಟಿದ್ದನ್ನು ಶಾಲೆಯೇ ಜೆರಾಕ್ಸ್ ಮಾಡಿ ಹಂಚುತ್ತದೆ. ಯಾರಿಗೆ ಪ್ಯಾಕೇಜ್, ಯಾರಿಗೆ ಪುಸ್ತಕ ಅಂತ ಇಡೀ ತರಗತಿಗೆ ಗೊತ್ತು. ಅದನ್ನು ಬಸ್‌ಸ್ಟ್ಯಾಂಡಿನಲ್ಲಿ ಹರಿದು ಬಿಸಾಡಿದ ಹುಡುಗನನ್ನು ‘ಕೊಬ್ಬು’ ಅಂತ ಬೈದವರಲ್ಲಿ ನಾನೂ ಒಬ್ಬ.

ಶಿಕ್ಷಕರನ್ನು ಬೈಯುವುದು ನನ್ನ ಉದ್ದೇಶ ಅಲ್ಲ. ಒಲ್ಲೆ ಅನ್ನುವ ರೋಗ ನೋಡಬೇಕೆಂದರೆ ನಮ್ಮ ತರಬೇತಿ ಶಿಬಿರಗಳಿಗೆ ಬನ್ನಿ. ಹಿಂದಿನ ಬೆಂಚು ಮೊದಲು ತುಂಬುತ್ತದೆ. ಸಂಪನ್ಮೂಲ ವ್ಯಕ್ತಿ ಪ್ರಶ್ನೆ ಕೇಳಿದರೆ ಎಲ್ಲರ ಕಣ್ಣು ನೆಲಕ್ಕೆ. ಚಟುವಟಿಕೆ ಮಾಡಿ ಅಂದರೆ ಪಕ್ಕದವರದು ನೋಡಿ ಬರೆಯುತ್ತೇವೆ. ಪೆನ್ನು ಇಲ್ಲ, ಕನ್ನಡಕ ಮರೆತೆ, ಆ್ಯಪ್ ತೆರೆಯುತ್ತಿಲ್ಲ. ಕಾರಣ ಕೇಳಿದರೆ, ಇದು ನಮ್ಮ ತರಗತಿಗೆ ಸಂಬಂಧವಿಲ್ಲ, ನಮ್ಮನ್ನು ಯಾರೂ ಕೇಳದೆ ಮಾಡಿದ್ದು, ಎರಡು ವರ್ಷದಲ್ಲಿ ಇನ್ನೊಂದು ಬರುತ್ತದೆ. ಒಂದೊಂದೂ ಸರಿಯಾದ ಕಾರಣ. ಹದಿನಾಲ್ಕು ವರ್ಷದವನಿಗೂ ಇವೇ ಇವೆ, ಹೇಳಲು ಅವನಿಗೆ ಸಂಘ ಇಲ್ಲ.

ದಾರಿ ಇಲ್ಲ ಅಂತಲ್ಲ. ಮಗು ಯಾವ ತರಗತಿಯಲ್ಲಿ ಕೂತಿದೆ ಅನ್ನುವುದನ್ನು ಬದಿಗಿಟ್ಟು, ಯಾವ ಮಟ್ಟದಲ್ಲಿ ಓದುತ್ತದೆ ಅಂತ ನೋಡಿ ಗುಂಪು ಮಾಡಿ ಕಲಿಸಿದರೆ ಕೆಲವೇ ತಿಂಗಳಲ್ಲಿ ಫಲ ಕಾಣುತ್ತದೆ ಅಂತ ‘ಪ್ರಥಮ್’ ಸಂಸ್ಥೆಯ ಅನುಭವ ಬೇರೆ ಬೇರೆ ರಾಜ್ಯಗಳಲ್ಲಿ ತೋರಿಸಿದೆ. ನಮ್ಮಲ್ಲೂ ನಾಲ್ಕು-ಐದನೇ ತರಗತಿಗೆ ‘ಓದು ಕರ್ನಾಟಕ’ ಇದೇ ತತ್ವದ ಮೇಲೆ ಬಂತು. ಪೇಚಿರುವುದು ಪ್ರೌಢಶಾಲೆಯಲ್ಲಿ. ಮೀಸೆ ಚಿಗುರುತ್ತಿರುವವನ ಕೈಗೆ ‘ಅ ಅರಸ’ ಪುಸ್ತಕ ಕೊಟ್ಟರೆ ಅವನು ಮರುದಿನ ಶಾಲೆಗೇ ಬರುವುದಿಲ್ಲ. ಕಲಿಸುವುದು ಕಷ್ಟವಲ್ಲ, ಯಾರ ಕಣ್ಣಿಗೂ ಬೀಳದ ಹಾಗೆ ಕಲಿಸುವುದು ಕಷ್ಟ.

ಆ ಹುಡುಗನೊಂದಿಗೆ ನಾನು ಮಾಡಿದ್ದು ಇಷ್ಟು. ಮರುವರ್ಷ ಅವನು ಹತ್ತನೇ ತರಗತಿಗೆ ಬಂದಾಗ ಸಂಜೆ ಲ್ಯಾಬ್ ಕೋಣೆಯ ಬೀಗ ಹಾಕಲು ನನಗೆ ನೆರವಾಗು ಅಂತ ಒಂದು ನೆಪ ಮಾಡಿ ಉಳಿಸಿಕೊಳ್ಳುತ್ತಿದ್ದೆ. ಪುಸ್ತಕ ತೆರೆಯಲಿಲ್ಲ. ಹತ್ತಿ ತೂಕದ ಚೀಟಿ, ಕ್ರಿಮಿನಾಶಕದ ಡಬ್ಬಿ, ಬಸ್ಸಿನ ಬೋರ್ಡು. ‘ಸುರಪುರ’ ಅಂತ ಅವನು ಓದುತ್ತಿದ್ದ, ಆದರೆ ಆಕಾರ ನೋಡಿ. ಅದರೊಳಗಿನ ‘ರ’ ಎರಡು ಸಲ ಬಂದಿದೆ ಅಂತ ಬೆರಳಿಟ್ಟು ತೋರಿಸಿದ ದಿನ ಅವನು ಬಹಳ ಹೊತ್ತು ನೋಡಿದ. “ಎರಡೂ ಒಂದಾ ಏನ್ರಿ?” ಅಂದ. ಜೂನ್‌ನಿಂದ ಅಕ್ಟೋಬರ್ ಹೊತ್ತಿಗೆ ಒತ್ತಕ್ಷರ ಇಲ್ಲದ ಸಾಲು ತಡವರಿಸುತ್ತ ಓದುವಷ್ಟಾದ. ಬೋಧನೆಯಲ್ಲಿ ಪವಾಡ ನಾನು ಕಂಡಿಲ್ಲ, ಇದೂ ಪವಾಡ ಅಲ್ಲ. ನೂರಾರು ಮಕ್ಕಳ ಶಾಲೆಯಲ್ಲಿ ಒಬ್ಬ ಹುಡುಗನಿಗೆ ಐದು ತಿಂಗಳು.

ದಸರಾ ರಜೆಗೆ ಮುಂಚಿನ ಒಂದು ಮಧ್ಯಾಹ್ನ ತರಗತಿಯಲ್ಲಿ ವರ್ಗ ಸಮೀಕರಣದ ಒಂದು ಲೆಕ್ಕ ಕೊಟ್ಟು ಬೆಂಚುಗಳ ನಡುವೆ ತಿರುಗುತ್ತಿದ್ದೆ. ಅವನ ಪುಟ ಖಾಲಿ ಇತ್ತು. ಇಳಿಸಿಕೊಂಡಿರಲಿಲ್ಲ, ಚಿತ್ರವನ್ನೂ ಬರೆದಿರಲಿಲ್ಲ. ಪಕ್ಕದವರಿಗೂ ಕೇಳುವ ದನಿಯಲ್ಲಿ, ತಲೆ ಎತ್ತಿ ಅಂದ, “ಸರ್, ಇದು ನನಗ ಬರಂಗಿಲ್ರಿ. ಇಲ್ಲಿಂದ ಹೇಳ್ರಿ.” ಬೆರಳು ಎರಡನೇ ಸಾಲಿನ ಮೇಲಿತ್ತು.

ರಜೆ ಮುಗಿದು ಶಾಲೆ ತೆರೆದಾಗ ಹತ್ತಿ ಬಿಚ್ಚಿತ್ತು. ಅವನು ಬಂದದ್ದು ಜನವರಿ ಎರಡನೇ ವಾರ.